ಕರೆಂಟ್ ಬಂದೈತಿ, ವೋಲ್ಟೇಜ್ ಇಲ್ಲ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಹೊಲದ ಬದುವಿನ ಮೇಲೆ ಈ ಮಾತು ಕೇಳಿಬರುತ್ತದೆ: ‘ಕರೆಂಟ್ ಬಂದೈತಿ, ಆದ್ರ ವೋಲ್ಟೇಜ್ ಇಲ್ಲ.’ ಸ್ಟಾರ್ಟರಿನ ಪೆಟ್ಟಿಗೆಯ ಪಕ್ಕದ ಗುಂಡು ಬಲ್ಬಿನೊಳಗಿನ ತಂತಿ ಕೆಂಪಗೆ ಮಿಣುಕುತ್ತದೆ. ಮೋಟಾರಿಗೆ ಕರೆಂಟ್ ಕೊಟ್ಟರೆ ಗುಂಯ್ ಎನ್ನುತ್ತದೆ, ಪೈಪಿನಲ್ಲಿ ನೀರು ಬರುವುದಿಲ್ಲ. ಹೇಳುವವರಿಗೆ ಇದು ಬರೀ ಬೇಸರದ ಮಾತು. ಆದರೆ ವಿದ್ಯುತ್ ಶಕ್ತಿಯ ಲೆಕ್ಕದ ಮೂಲಸೂತ್ರ ಈ ಮಾತಿನಲ್ಲೇ ಇದೆ. ತಂತಿಯಲ್ಲಿ ಆವೇಶ ಹರಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಹರಿಯುವ ಪ್ರತಿಯೊಂದು ಪಾಲು ಆವೇಶದ ಬೆನ್ನಿಗೆ ಎಷ್ಟು ಶಕ್ತಿ ಇದೆ ಎಂಬುದೂ ಮುಖ್ಯ. ಆ ‘ಎಷ್ಟು’ ಎಂಬುದೇ ವೋಲ್ಟೇಜ್.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪುಟ್ಟ ಲೆಕ್ಕವೊಂದಿದೆ. 12 ವೋಲ್ಟ್ ವಿಭವಾಂತರ (ಅದೇ ವೋಲ್ಟೇಜ್) ಇರುವ ಎರಡು ಬಿಂದುಗಳ ನಡುವೆ 2 ಕೂಲಂಬ್ ಆವೇಶವನ್ನು ಸಾಗಿಸಲು ಎಷ್ಟು ಕೆಲಸ ಬೇಕು? ಎರಡನ್ನೂ ಗುಣಿಸಿದರೆ 24 ಜೌಲ್. ಮಕ್ಕಳು ಅರ್ಧ ನಿಮಿಷದಲ್ಲಿ ಬಿಡಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ, ಅಂಕವೂ ಬರುತ್ತದೆ. 24 ಜೌಲ್ ಎಂದರೆ ಒಂದು ಲೀಟರ್ ನೀರನ್ನು ಸುಮಾರು ಎರಡೂವರೆ ಮೀಟರ್ ಎತ್ತಲು ಬೇಕಾಗುವ ಶಕ್ತಿ ಎಂದು ಅಲ್ಲೇ ಒಂದು ಸಾಲು ಸೇರಿಸಿದ್ದರೆ, ಬೋರ್‌ವೆಲ್ ಇರುವ ಮನೆಯ ಹುಡುಗಿ ಆ ಪುಟದಲ್ಲಿ ಇನ್ನೊಂದು ಗಳಿಗೆ ನಿಲ್ಲುತ್ತಿದ್ದಳು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಒಂದು ಕೂಲಂಬ್ ಆವೇಶ ಎಂದರೆ ಸುಮಾರು 6.24 × 10¹⁸ ಎಲೆಕ್ಟ್ರಾನುಗಳು. 2019ರ ಮೇ 20ರಿಂದ ಎಲೆಕ್ಟ್ರಾನಿನ ಆವೇಶದ ಬೆಲೆಯನ್ನು 1.602176634 × 10⁻¹⁹ ಕೂಲಂಬ್ ಎಂದು ಜಗತ್ತಿನಾದ್ಯಂತ ನಿಗದಿ ಮಾಡಿ, ಆಂಪಿಯರನ್ನು ಅದರ ಮೇಲೆ ನಿಲ್ಲಿಸಲಾಗಿದೆ. ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಒಂದು ಆಂಪಿಯರ್. ಒಂದು ಕೂಲಂಬ್ ತಾನು ಸಾಗುವ ದಾರಿಯಲ್ಲಿ ಒಂದು ಜೌಲ್ ಶಕ್ತಿ ಕೊಟ್ಟರೆ ಆ ದಾರಿಯ ಎರಡು ತುದಿಗಳ ನಡುವೆ ಒಂದು ವೋಲ್ಟ್. ಹಾಗಾಗಿ ಶಕ್ತಿ ಬೇಕೆಂದರೆ ಆವೇಶವನ್ನು ವೋಲ್ಟೇಜಿನಿಂದ ಗುಣಿಸಬೇಕು. ಇಷ್ಟೇ ಸೂತ್ರ.

ಈ ಗುಣಾಕಾರವನ್ನು ಹಗಲೂ ರಾತ್ರಿ ಮಾಡುತ್ತ ಕೂತಿರುವ ಯಂತ್ರವೊಂದು ನಮ್ಮ ಎಲ್ಲರ ಮನೆಯ ಗೋಡೆಯ ಮೇಲಿದೆ, ಕರೆಂಟಿನ ಮೀಟರು. ಅದರ ಮುಖದ ಮೇಲೆ ಕೆಂಪು ದೀಪವೊಂದು ಆಗಾಗ ಮಿಣುಕುತ್ತದೆ. ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. ಬಹಳ ಮೀಟರುಗಳಲ್ಲಿ ಆ ಸಂಖ್ಯೆ 3200. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಅಂದರೆ 36 ಲಕ್ಷ ಜೌಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 1125 ಜೌಲ್. ಮನೆಯ ವೋಲ್ಟೇಜ್ 230 ಎಂದು ಹಿಡಿದರೆ, ಒಂದು ಸಲ ದೀಪ ಮಿಣುಕುವಷ್ಟರಲ್ಲಿ ತಂತಿಯಲ್ಲಿ ಸಾಗಿದ ಆವೇಶ ಹೆಚ್ಚುಕಡಿಮೆ 5 ಕೂಲಂಬ್. ಮನೆಯ ಎಲ್ಲ ಸ್ವಿಚ್ ಆರಿಸಿ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದನ್ನೇ ಹಾಕಿ ಮೀಟರಿನ ಮುಂದೆ ನಿಂತರೆ ಸೆಕೆಂಡಿಗಿಂತ ತುಸು ಹೆಚ್ಚು ಅಂತರದಲ್ಲಿ ದೀಪ ಮಿಣುಕುವುದನ್ನು ಎಣಿಸಬಹುದು. ಇಸ್ತ್ರಿಪೆಟ್ಟಿಗೆ ತೆಗೆದು 100 ವ್ಯಾಟಿನ ಬಲ್ಬ್ ಹಾಕಿದರೆ ಒಂದೊಂದು ಮಿಣುಕಿಗೂ 11 ಸೆಕೆಂಡಿನಷ್ಟು ಕಾಯಬೇಕು. ಶಾಲೆಯಲ್ಲಿ ಪ್ರಯೋಗಶಾಲೆ ಇಲ್ಲವೆಂದು ಕೊರಗುವ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಸಿಗಲಾರದು.

ಈಗ ಆ 5 ಕೂಲಂಬನ್ನು ನೆನಪಿಟ್ಟುಕೊಂಡು ಆಕಾಶಕ್ಕೆ ಬನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಯಲಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ. ಒಣದ್ರಾಕ್ಷಿಯ ಶೆಡ್ಡುಗಳಿಗೆ ತಾಡಪತ್ರಿ ಕಟ್ಟಲು ಜನ ಓಡುತ್ತಾರೆ, ಗುಡುಗು ಶುರುವಾಗುತ್ತದೆ. ಮೋಡದಿಂದ ನೆಲಕ್ಕೆ ಬಡಿಯುವ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ ಇಳಿಯುವ ಆವೇಶ ಎಷ್ಟು ಗೊತ್ತೇ? ಅದೂ ಸುಮಾರು 5 ಕೂಲಂಬ್! ಮೀಟರಿನ ದೀಪ ಒಮ್ಮೆ ಮಿಣುಕುವಾಗ ಸಾಗಿದಷ್ಟೇ. ಆವೇಶವೊಂದನ್ನೇ ನೋಡಿದರೆ ಬಲ್ಬಿಗೂ ಬರಸಿಡಿಲಿಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಬೆನ್ನಿಗಿರುವ ವೋಲ್ಟೇಜಿನಲ್ಲಿ. ಮನೆಯಲ್ಲಿ 230 ವೋಲ್ಟ್ ಇದ್ದರೆ, ಮೋಡಕ್ಕೂ ನೆಲಕ್ಕೂ ನಡುವೆ 10 ಕೋಟಿ ವೋಲ್ಟಿನ ಆಸುಪಾಸು. ಗುಣಿಸಿದರೆ 50 ಕೋಟಿ ಜೌಲ್.

ಈ ಗುಣಾಕಾರಕ್ಕೆ ಒಂದು ತಿದ್ದುಪಡಿ ಬೇಕು, ಅದನ್ನು ಬಿಟ್ಟರೆ ಲೆಕ್ಕ ದುಪ್ಪಟ್ಟು ತಪ್ಪುತ್ತದೆ. ಆವೇಶವನ್ನು ವೋಲ್ಟೇಜಿನಿಂದ ನೇರವಾಗಿ ಗುಣಿಸಬೇಕಾದರೆ ಆವೇಶ ಹರಿದು ಮುಗಿಯುವ ತನಕ ವೋಲ್ಟೇಜ್ ಒಂದೇ ಮಟ್ಟದಲ್ಲಿ ಇರಬೇಕು. ಮೋಡದಲ್ಲಿ ಹಾಗಿರುವುದಿಲ್ಲ. ಆವೇಶ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ. ಮೊದಲ ಕೂಲಂಬಿಗೆ 10 ಕೋಟಿ ವೋಲ್ಟಿನ ಬಲ, ಕೊನೆಯದಕ್ಕೆ ಏನೂ ಇಲ್ಲ. ಸರಾಸರಿ ತೆಗೆದರೆ ಅರ್ಧ. ಹಾಗಾಗಿ ಒಂದು ಹೊಡೆತದ ಶಕ್ತಿ 25 ಕೋಟಿ ಜೌಲ್, ಅಂದರೆ ಸುಮಾರು 70 ಯೂನಿಟ್. ಮೋಟಾರಿನ ಪೆಟ್ಟಿಗೆಯಲ್ಲಿರುವ ಕೆಪ್ಯಾಸಿಟರಿಗೂ ಇದೇ ‘ಅರ್ಧ’ದ ನಿಯಮ. 50 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 325 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ ಉಳಿಯುವುದು ಎರಡೂವರೆ ಜೌಲಿಗಿಂತ ಸ್ವಲ್ಪ ಹೆಚ್ಚು. ಸಣ್ಣ ಮೊತ್ತ ನಿಜ, ಆದರೆ ಕರೆಂಟ್ ತೆಗೆದ ಮೇಲೂ ಬೆರಳಿಗೆ ಫಟ್ಟೆಂದು ಹೊಡೆಯಲು ಅಷ್ಟು ಸಾಕು.

ಒಂದು ಸಿಡಿಲಿನಲ್ಲಿ 70 ಯೂನಿಟ್ ಮಾತ್ರವೇ ಎಂದು ಅನೇಕರಿಗೆ ನಿರಾಸೆಯಾಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಸಿಗುವ 200 ಯೂನಿಟ್ ಮಿತಿಯ ಮೂರನೇ ಒಂದು ಪಾಲು ಅಷ್ಟೆ. ಅದರಲ್ಲಿ ಬಹುಪಾಲು ಗಾಳಿಯನ್ನು ಕಾಯಿಸುವುದರಲ್ಲಿ, ಬೆಳಕಿನಲ್ಲಿ, ಸದ್ದಿನಲ್ಲಿ ಮುಗಿದುಹೋಗುತ್ತದೆ. ಸಿಡಿಲು ಕೊಲ್ಲುವುದು ಆ ಶಕ್ತಿಯೆಲ್ಲ ಸೆಕೆಂಡಿನ ಸಾವಿರದ ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಬಿಡುಗಡೆಯಾಗುವ ಕಾರಣಕ್ಕೆ. ಮರದ ಕೆಳಗೆ ಕುರಿಮಂದೆಯ ಜೊತೆ ನಿಂತವರಿಗೆ ಅದರ ಸಣ್ಣದೊಂದು ಚೂರು ತಗುಲಿದರೂ ಸಾಕು. ದಯವಿಟ್ಟು ಮರದ ಕೆಳಗೆ ನಿಲ್ಲಬೇಡಿ.

ಮನೆಯ ಕರೆಂಟಿನ ಬಗ್ಗೆ ಬುದ್ಧಿವಂತ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬೇಕು. ಮನೆಗೆ ಬರುವುದು ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತಿರುಗುವ ಪ್ರವಾಹ. ಹೋದಷ್ಟೇ ಆವೇಶ ಮರಳಿ ಬಂದರೆ ಒಟ್ಟು ಸಾಗಿದ್ದು ಸೊನ್ನೆ, ಶಕ್ತಿಯೂ ಸೊನ್ನೆಯಾಗಬೇಕಲ್ಲ? ಆಕ್ಷೇಪ ಸರಿಯಾದದ್ದೇ. 8 ಆಂಪಿಯರ್ ಎಳೆಯುವ ಮೋಟಾರಿನ ತಾಮ್ರದ ಕೇಬಲ್ಲಿನಲ್ಲಿ ಪ್ರವಾಹದ ದೆಸೆಯಿಂದ ಎಲೆಕ್ಟ್ರಾನ್ ಅತ್ತಿತ್ತ ತೂಗುವ ದೂರ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು ಮಾತ್ರ. ಕೂದಲೆಳೆಯ ದಪ್ಪವನ್ನೂ ದಾಟುವುದಿಲ್ಲ. ಕೂಡಗಿಯ ವಿದ್ಯುತ್ ಸ್ಥಾವರದ ಎಲೆಕ್ಟ್ರಾನ್ ಯಾವುದೂ ತಿಕೋಟಾಕ್ಕೆ ಬಂದಿಲ್ಲ, ಬರುವುದೂ ಇಲ್ಲ. ಆದರೆ ಆವೇಶದ ದಿಕ್ಕು ತಿರುಗುವ ಹೊತ್ತಿಗೇ ವೋಲ್ಟೇಜಿನ ದಿಕ್ಕೂ ತಿರುಗುತ್ತದೆ. ಋಣವನ್ನು ಋಣದಿಂದ ಗುಣಿಸಿದರೆ ಧನ. ಹಾಗಾಗಿ ಎರಡೂ ದಿಕ್ಕಿನ ಓಡಾಟದಲ್ಲೂ ಶಕ್ತಿ ಒಂದೇ ಕಡೆಗೆ, ನಮ್ಮ ಮನೆಯ ಕಡೆಗೇ, ಬರುತ್ತದೆ. ಎಲೆಕ್ಟ್ರಾನಿಕ್ ಮೀಟರು ಸೆಕೆಂಡಿಗೆ ಸಾವಿರಾರು ಸಲ ಆ ಕ್ಷಣದ ವೋಲ್ಟೇಜನ್ನೂ ಆ ಕ್ಷಣದ ಪ್ರವಾಹವನ್ನೂ ಅಳೆದು, ಗುಣಿಸಿ, ಕೂಡಿಸುತ್ತ ಹೋಗುತ್ತದೆ.

ಮೋಟಾರಿನಲ್ಲಿ ಇವೆರಡೂ ಒಂದೇ ಹೆಜ್ಜೆಯಲ್ಲಿ ಇರುವುದಿಲ್ಲ, ಪ್ರವಾಹ ಸ್ವಲ್ಪ ಹಿಂದೆ ಬೀಳುತ್ತದೆ. ಆ ಹಿಂದೆ ಬಿದ್ದ ಹೊತ್ತಿನಲ್ಲಿ ಗುಣಲಬ್ಧ ಋಣವಾಗಿ, ತೆಗೆದುಕೊಂಡ ಶಕ್ತಿಯಲ್ಲಿ ಒಂದು ಪಾಲನ್ನು ಮೋಟಾರು ಲೈನಿಗೆ ವಾಪಸು ಕೊಡುತ್ತದೆ. ಪವರ್ ಫ್ಯಾಕ್ಟರ್ ಎಂಬ ಅಳತೆ ಹೇಳುವುದು ಇದನ್ನೇ. ಪಂಪಿನ ಹತ್ತಿರ ಸರಿಯಾದ ಕೆಪ್ಯಾಸಿಟರ್ ಕೂರಿಸಿದರೆ ಈ ಕೊಡು-ಕೊಳ್ಳು ಅಲ್ಲೇ ಮುಗಿಯುತ್ತದೆ, ಲೈನಿನ ಮೇಲೆ ಅನವಶ್ಯಕ ಪ್ರವಾಹ ಓಡಾಡುವುದಿಲ್ಲ.

ವೋಲ್ಟೇಜನ್ನು ಅರ್ಥ ಮಾಡಿಕೊಳ್ಳಲು ನೀರಿನ ಎತ್ತರಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ, ಮತ್ತು ಅದಕ್ಕೆ ವಿಜಯಪುರಕ್ಕಿಂತ ಒಳ್ಳೆಯ ಊರಿಲ್ಲ. ಆದಿಲಶಾಹಿಗಳ ಕಾಲದಲ್ಲಿ ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗಗಳಲ್ಲಿ ನೀರು ತನ್ನಷ್ಟಕ್ಕೆ ಇಳಿದು ಪಟ್ಟಣಕ್ಕೆ ಬರುತ್ತಿತ್ತು. ಕೊಳವೆಗಳ ಮೇಲಿನ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಕೆಲವು ಇನ್ನೂ ನಿಂತಿವೆ. ಅಲ್ಲಿ ಎಷ್ಟು ನೀರು ಎಂಬುದಕ್ಕೆ ಎಷ್ಟು ಎತ್ತರದಿಂದ ಎಂಬುದನ್ನು ಗುಣಿಸಿದರೆ ಶಕ್ತಿ. ಇಲ್ಲಿ ಎಷ್ಟು ಆವೇಶ ಎಂಬುದಕ್ಕೆ ಎಷ್ಟು ವೋಲ್ಟ್ ಎಂಬುದನ್ನು ಗುಣಿಸಿದರೆ ಶಕ್ತಿ.

ಆ ನೀರು ಇಳಿದು ಬರುತ್ತಿತ್ತು. ಇಂದು ತಿಕೋಟಾದ ದ್ರಾಕ್ಷಿ ಪಡಗಳಿಗೆ ನೀರನ್ನು ಮೇಲಕ್ಕೆ ಎತ್ತಬೇಕು. ಇಲ್ಲಿಯ ನೆಲದಡಿ ಇರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ. ನೀರು ಬಿರುಕುಗಳಲ್ಲಿ ಸಿಕ್ಕಲ್ಲಿ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. 500 ಅಡಿ ಎಂದು ಹಿಡಿಯೋಣ, ಅಂದರೆ ಸುಮಾರು 150 ಮೀಟರ್. ಒಂದು ಲೀಟರ್ ನೀರನ್ನು ಅಷ್ಟು ಎತ್ತಲು 1470 ಜೌಲ್ ಬೇಕು. 230 ವೋಲ್ಟಿನ ಲೆಕ್ಕದಲ್ಲಿ ಆರೂವರೆ ಕೂಲಂಬಿಗೂ ಕಡಿಮೆ. ಆದರೆ ಮೋಟಾರು, ಪಂಪು, ಪೈಪು ಎಲ್ಲದರಲ್ಲೂ ನಷ್ಟವಿದೆ. ಕೊಟ್ಟ ಶಕ್ತಿಯಲ್ಲಿ ನೂರಕ್ಕೆ 40 ಪಾಲು ನೀರಿಗೆ ಸೇರಿತೆಂದರೆ ಲೀಟರಿಗೆ 16 ಕೂಲಂಬ್ ಆಯಿತು, ಮೀಟರಿನ ದೀಪ ಮೂರು ಸಲ ಮಿಣುಕುವಷ್ಟು. ಬೇಸಿಗೆಯಲ್ಲಿ ಬೋರು ಬತ್ತಿದಾಗ ಪಡ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ನೀರು ಕೊಂಡು ಬಳ್ಳಿಗೆ ಉಣಿಸಿದ್ದನ್ನು ಈ ಭಾಗದವರು ಕಂಡಿದ್ದಾರೆ. 10 ಸಾವಿರ ಲೀಟರಿನ ಅಂಥದೊಂದು ಟ್ಯಾಂಕರನ್ನು 500 ಅಡಿಯಿಂದ ತುಂಬಿಸಲು ಬೇಕಾದ ವಿದ್ಯುತ್ ಸುಮಾರು 10 ಯೂನಿಟ್. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ರಾಜ್ಯದಲ್ಲಿ ಬಿಲ್ ಇಲ್ಲದಿರುವುದರಿಂದ ಈ ಹತ್ತು ಯೂನಿಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರಿನ ಬೆಲೆ ಮಾತನಾಡುವಾಗ ಇದನ್ನೂ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಬೋರು ಇನ್ನೂ 500 ಅಡಿ ಆಳಕ್ಕೆ ಹೋದರೆ ಅದೇ ಟ್ಯಾಂಕರಿಗೆ 20 ಯೂನಿಟ್ ಬೇಕು.

ಇನ್ನು ‘ವೋಲ್ಟೇಜ್ ಇಲ್ಲ’ ಎಂಬ ಮಾತಿಗೆ ಬರೋಣ. ಮೋಟಾರು ರಿವೈಂಡಿಂಗ್ ಮಾಡುವ ಯಾವ ಅಂಗಡಿಗೆ ಹೋದರೂ ಬಾಗಿಲಲ್ಲೇ ಕಪ್ಪಾದ ತಾಮ್ರದ ಸುರುಳಿಗಳ ರಾಶಿ ಕಾಣುತ್ತದೆ, ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿ ನಡೆಯುವ ಮಾತೂ ಹೆಚ್ಚುಕಡಿಮೆ ಒಂದೇ ನಮೂನೆ.

‘ಏನಾಗೇತ್ರೀ ಅಣ್ಣಾರ?’

‘ವೈಂಡಿಂಗ್ ಸುಟ್ಟೈತ್ರಿ ಕಾಕಾ. ವೋಲ್ಟೇಜ್ ಕಮ್ಮಿ ಇದ್ದಾಗ ಓಡಿಸೀರಿ ಕಾಣ್ತೈತಿ.’

‘ಕಮ್ಮಿ ಇದ್ರ ಹೆಂಗ್ ಸುಡತೈತ್ರೀ? ಜಾಸ್ತಿ ಆದ್ರ ಸುಡಬೇಕಲ್ಲ?’

ಕಾಕಾ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಬಲ್ಬಿನ ಮಟ್ಟಿಗೆ ಅವರ ಊಹೆ ಸರಿ. ವೋಲ್ಟೇಜ್ ಕಡಿಮೆಯಾದರೆ ಬಲ್ಬು ಮಂಕಾಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಮೋಟಾರಿನ ಸ್ವಭಾವ ಬೇರೆ. ಬೋರಿನೊಳಗೆ 500 ಅಡಿ ನೀರಿನ ಕಂಬ ಅದರ ತಲೆಯ ಮೇಲೆ ಕೂತಿದೆ, ವೋಲ್ಟೇಜ್ ಇಳಿಯಿತೆಂದು ನೀರಿನ ಭಾರ ಇಳಿಯುವುದಿಲ್ಲ. ಇಂಡಕ್ಷನ್ ಮೋಟಾರು ತನ್ನ ವೇಗವನ್ನು ಬಹಳ ಬಿಟ್ಟುಕೊಡದೆ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಲು ಹೆಣಗುತ್ತದೆ. ಸೆಕೆಂಡಿಗೆ ಬೇಕಾದ ಶಕ್ತಿ ಅಷ್ಟೇ, ಪ್ರತಿ ಕೂಲಂಬ್ ತರುವ ಶಕ್ತಿ ಮಾತ್ರ ಕಡಿಮೆ. ಹಾಗಾದರೆ ಕೂಲಂಬುಗಳ ಸಂಖ್ಯೆ ಏರಲೇಬೇಕು. 415 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುತ್ತಿದ್ದ ಮೋಟಾರು 330 ವೋಲ್ಟಿನಲ್ಲಿ 10 ಆಂಪಿಯರಿನಷ್ಟು ಎಳೆಯುತ್ತದೆ. ತಂತಿಯ ಬಿಸಿ ಪ್ರವಾಹದ ವರ್ಗದಂತೆ ಏರುತ್ತದೆ ಎಂದು ಜೇಮ್ಸ್ ಜೌಲ್ 1840ರ ಹೊತ್ತಿಗೇ ಅಳೆದು ತೋರಿಸಿದ್ದ. 8ರಿಂದ 10ಕ್ಕೆ ಏರಿದರೆ ಪ್ರವಾಹ ಕಾಲು ಪಾಲು ಹೆಚ್ಚು, ಬಿಸಿ ಮಾತ್ರ ಒಂದೂವರೆ ಪಟ್ಟು ದಾಟುತ್ತದೆ. ಸುರುಳಿಯ ಉಷ್ಣತೆ 10 ಡಿಗ್ರಿ ಏರಿದರೆ ಅದರ ಹೊದಿಕೆಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮ.

ವೋಲ್ಟೇಜ್ ಇನ್ನೂ ಇಳಿದರೆ ಗಂಡಾಂತರ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ವೋಲ್ಟೇಜ್ ನೂರಕ್ಕೆ 70ಕ್ಕೆ ಇಳಿದರೆ ಬಲ ಅರ್ಧಕ್ಕೆ ಇಳಿಯಿತು. ಆಗ ಮೋಟಾರು ತಿರುಗದೆ ನಿಂತೇಬಿಡಬಹುದು, ಆದರೆ ಕರೆಂಟ್ ಎಳೆಯುವುದನ್ನು ನಿಲ್ಲಿಸುವುದಿಲ್ಲ. ನಿಂತ ಮೋಟಾರು ಸಾಮಾನ್ಯಕ್ಕಿಂತ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಆವೇಶ ಧಾರಾಳವಾಗಿ ಹರಿಯುತ್ತದೆ, ನೀರು ಒಂದು ಹನಿಯೂ ಮೇಲೆ ಬರುವುದಿಲ್ಲ, ಬಂದ ಶಕ್ತಿಯೆಲ್ಲ ಸುರುಳಿಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಗುಂಯ್ ಎನ್ನುವ ಸದ್ದು ಇದರದೇ. ಓವರ್‌ಲೋಡ್ ರಿಲೇ ಸರಿಯಾಗಿದ್ದರೆ ಸ್ಟಾರ್ಟರ್ ಬೀಳುತ್ತದೆ. ಪದೇ ಪದೇ ಬೀಳುತ್ತದೆಂದು ರಿಲೇಯನ್ನು ಕಟ್ಟಿಹಾಕಿದ್ದರೆ ಮೋಟಾರು ಎತ್ತಿಸುವ ಖರ್ಚು ಕಟ್ಟಿಟ್ಟದ್ದು.

ವೋಲ್ಟೇಜ್ ಇಳಿಯುವುದು ಏಕೆ? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಪಂಪಿನವರೆಗಿನ ತಂತಿಗೂ ಪ್ರತಿರೋಧವಿದೆ. ಅದರಲ್ಲಿ ಹಾಯುವಾಗ ಪ್ರತಿ ಕೂಲಂಬೂ ಕೆಲವು ಜೌಲ್ ಕಳೆದುಕೊಂಡು ಬರುತ್ತದೆ. ಪ್ರವಾಹ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಪಂಪುಗಳೆಲ್ಲ ಒಟ್ಟಿಗೆ ಏಳುತ್ತವೆ. ಏಳುವಾಗ ಪ್ರತಿಯೊಂದೂ ಐದಾರು ಪಟ್ಟು ಪ್ರವಾಹ ಕೇಳುತ್ತದೆ. ಲೈನಿನ ಕೊನೆಯ ತೋಟದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕುಸಿದದ್ದಕ್ಕೇ ಅಲ್ಲಿಯ ಮೋಟಾರು ಇನ್ನಷ್ಟು ಪ್ರವಾಹ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಮತ್ತೂ ಕುಸಿಯುತ್ತದೆ. ಒಬ್ಬೊಬ್ಬರ ಸ್ಟಾರ್ಟರೂ ಒಂದೊಂದು ನಿಮಿಷದ ಅಂತರದಲ್ಲಿ ಏಳುವಂತೆ ಟೈಮರ್ ಹೊಂದಿಸಿಕೊಂಡರೆ ಎಷ್ಟೋ ವೈಂಡಿಂಗ್ ಉಳಿಯುತ್ತವೆ.

ದೂರದ ಲೈನುಗಳಲ್ಲಿ ವೋಲ್ಟೇಜನ್ನು ಅಷ್ಟು ಏರಿಸುವುದು ಇದೇ ಕಾರಣಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದಾಗ ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಕಳಿಸಿದ್ದರು. ನಮ್ಮ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಮೂರು ಘಟಕಗಳು ಸೇರಿ 2400 ಮೆಗಾವ್ಯಾಟ್. ಅಲ್ಲಿಂದ ಹೊರಡುವ ಲೈನು 4 ಲಕ್ಷ ವೋಲ್ಟಿನದು. ಮೂರು ಫೇಸಿನ ಸೂಕ್ಷ್ಮವನ್ನು ಬದಿಗಿಟ್ಟು ನೋಡಿದರೆ ಪೂರ್ಣ ಉತ್ಪಾದನೆಗೆ ಸೆಕೆಂಡಿಗೆ 6000 ಕೂಲಂಬ್ ಸಾಕು. ಅದನ್ನೇ 230 ವೋಲ್ಟಿನಲ್ಲಿ ಕಳಿಸಬೇಕೆಂದರೆ ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಕೂಲಂಬ್ ಹರಿಯಬೇಕು. ಅದೇ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ 30 ಲಕ್ಷ ಪಟ್ಟು. ಅಂಥ ತಂತಿ ಇರಲಾರದು.

ಕೈಯಲ್ಲಿ ಹಿಡಿಯುವ ವಸ್ತುವಿಗೂ ಈ ಲೆಕ್ಕ ಬೇಕಾಗುತ್ತದೆ. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಆವೇಶ ಮಾತ್ರ, 36 ಸಾವಿರ ಕೂಲಂಬ್. ಒಳಗಿನ ಸೆಲ್ಲಿನ ವೋಲ್ಟೇಜ್ 3.7. ಗುಣಿಸಿದರೆ 1,33,200 ಜೌಲ್, ಅಂದರೆ 37 ವ್ಯಾಟ್-ಗಂಟೆ. ಹೊರಗೆ ಅದು 5 ವೋಲ್ಟಿನಲ್ಲಿ ಕೊಡುತ್ತದೆ. ಶಕ್ತಿ ಹೆಚ್ಚಾಗಲಾರದು, ವೋಲ್ಟೇಜ್ ಏರಿತು, ಆದ್ದರಿಂದ ಆವೇಶ ಇಳಿಯಬೇಕು. ಕಿಂಚಿತ್ತೂ ನಷ್ಟವಿಲ್ಲ ಎಂದರೂ 7,400 ಎಂಎಎಚ್‌ಗಿಂತ ಹೆಚ್ಚು ಬರುವುದು ಸಾಧ್ಯವಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿ 150 ಆಂಪಿಯರ್-ಗಂಟೆ, 12 ವೋಲ್ಟ್ ಎಂದಿದ್ದರೆ ಒಟ್ಟು 1.8 ಯೂನಿಟ್. ಬ್ಯಾಟರಿ ಕೊಳ್ಳುವಾಗ ಎರಡೂ ಸಂಖ್ಯೆ ಕೇಳಿ ಗುಣಿಸಿ ನೋಡಬೇಕು. ಬ್ಯಾಟರಿಯ ವೋಲ್ಟೇಜ್ ಖಾಲಿಯಾಗುವ ತನಕ ಬಹಳ ಕುಸಿಯದ ಕಾರಣ ಇಲ್ಲಿ ಅರ್ಧದ ನಿಯಮ ಬೇಕಿಲ್ಲ.

ಬಬಲೇಶ್ವರ, ತಿಕೋಟಾ ಭಾಗದ ದೊಡ್ಡ ಲೆಕ್ಕ ಇರುವುದು ಈಗ ಕೃಷ್ಣೆಯಲ್ಲಿ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಜಮಖಂಡಿ ತಾಲ್ಲೂಕಿನ ಕವಟಗಿ ಹತ್ತಿರ ನದಿಯ ನೀರನ್ನು ಎತ್ತಿ ಈ ಎತ್ತರದ ಒಣನೆಲಕ್ಕೆ ತರಲಾಗುತ್ತದೆ. ಒಂದು ಟಿಎಂಸಿ ನೀರು ಎಂದರೆ 2.83 ಕೋಟಿ ಘನಮೀಟರ್. ಅದನ್ನು ಪ್ರತಿ 100 ಮೀಟರ್ ಎತ್ತಲು, ನಷ್ಟವೇ ಇಲ್ಲವೆಂದರೂ, 77 ಲಕ್ಷ ಯೂನಿಟ್ ಬೇಕು. ಪಂಪು, ಮೋಟಾರು ಸೇರಿ ನೂರಕ್ಕೆ 70 ಪಾಲು ದಕ್ಷತೆ ಹಿಡಿದರೆ 1.1 ಕೋಟಿ ಯೂನಿಟ್. ಕೂಡಗಿಯ ಮೂರೂ ಘಟಕ ಪೂರ್ಣ ಬಲದಲ್ಲಿ ನಾಲ್ಕೂವರೆ ಗಂಟೆ ಓಡಿದರೆ ಬರುವಷ್ಟು. ಈ ಶಕ್ತಿಯನ್ನು ತೋಟದ ಪಂಪಿನಂತೆ 415 ವೋಲ್ಟಿನಲ್ಲಿ ಕೊಡಲು ಹೋದರೆ 9,500 ಕೋಟಿ ಕೂಲಂಬ್ ಹರಿಸಬೇಕು. 11 ಸಾವಿರ ವೋಲ್ಟಿನಲ್ಲಿ ಕೊಟ್ಟರೆ 360 ಕೋಟಿಯಲ್ಲಿ ಮುಗಿಯುತ್ತದೆ, ಅದೇ ತಂತಿಯ ಬಿಸಿ ಏಳುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಜಾಕ್‌ವೆಲ್ಲುಗಳ ಮೋಟಾರುಗಳನ್ನು ಸಾವಿರಾರು ವೋಲ್ಟಿಗೆ ಸುತ್ತುವುದು ಅದಕ್ಕೇ.